ಗಂಟು ಓದುವ ಲಿಂಗಪ್ಪನ್

"ಲಿಂಗಪ್ಪಾ, ಸತ್ತವನು ಹಾಕಿದ ಗಂಟು ಇದು ಅಂತ ವರದೀಲಿ ಬರೆಯೋಕಾಗುತ್ತೇನಯ್ಯ?"

ಕೇಳುತ್ತಿರುವವರು ರಸಾಯನಶಾಸ್ತ್ರದ ಪ್ರೊಫೆಸರ್ ವ್ಯಾಸರಾಯರು, ಈ ಸಲದ ಪರೀಕ್ಷೆಯ ಮೇಲ್ವಿಚಾರಕರು. 1957ರ ಏಪ್ರಿಲ್. ಮದರಾಸು ರಾಜ್ಯದ ಪೀಳಮೇಡಿನ ಕಾಲೇಜೊಂದರ ಪರೀಕ್ಷಾ ಹಾಲು. ಮಿಲ್ಲಿನ ಮೊದಲ ಸೈರನ್ ಊದಿದೆ, ಬೆಳಕು ಇನ್ನೂ ಹರಿದಿಲ್ಲ. ನೆಲದ ಮೇಲೆ ಕೂತು ನೂಲು ಕತ್ತರಿಸುತ್ತಿರುವ ಅಟೆಂಡರ್ ಲಿಂಗಪ್ಪನ್ ತಲೆ ಎತ್ತುವುದಿಲ್ಲ.

"ಬರೀಬೇಡಿ ಸಾರ್. ಮೊದ್ಲು ಆ ಹುಡುಗನ್ನ ಕೂಗಿ ಕೇಳಿ. ಅವತ್ತು ನಾವು ಕೇಳ್ಲಿಲ್ಲ."

ಹೆಚ್ಚುವರಿ ಹಾಳೆಗಳನ್ನು ಉತ್ತರ ಪತ್ರಿಕೆಗೆ ಸೇರಿಸಿ ಕಟ್ಟಲು ಹುಡುಗರಿಗೆ ನೂಲು ಬೇಕಲ್ಲ, ಅದನ್ನು ಒದಗಿಸುವವರು ಇವರೇ. ಇನ್ನೂರ ಮೂವತ್ತಾರು ಮಂದಿಗೆ ತಲಾ ಎರಡು ಎಳೆ, ಒಂದೊಂದೂ ಒಂದು ಗೇಣು. ಸಂಜೆ ಪತ್ರಿಕೆಗಳನ್ನು ಜೋಡಿಸಿ ಕಟ್ಟು ಕಟ್ಟುವುದೂ ಇವರೇ. ಕರುಮತ್ತಂಪಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಾಗ ಇಲ್ಲಿಗೆ ಬಂದರು. ಇಂಗ್ಲಿಷ್ ಓದಲು ಬಾರದು. ಮನೆಯಲ್ಲಿ ಆಡುವುದು ಕನ್ನಡ, ಅದರ ಅಕ್ಷರದ ಮುಖ ನೋಡಿದವರಲ್ಲ. ಆದರೆ ಗಂಟು ಓದುತ್ತಾರೆ. "ಮುಖ ಮರ್ತ್ಹೋಗುತ್ತೆ ಸಾರ್, ಗಂಟು ಮರೆಯಲ್ಲ" ಎನ್ನುತ್ತಾರೆ. ಹೊರಗೆ ಬರೆಸಿ ಒಳಗೆ ತೂರಿಸಿದ ಹಾಳೆಗಳನ್ನು ನಾಲ್ಕು ಸಲ ಗಂಟಿನಿಂದಲೇ ಹಿಡಿದುಕೊಟ್ಟಿದ್ದಾರೆ. ಮೇಷ್ಟರುಗಳಿಗೆ ಇವರ ಬೆರಳ ಮೇಲೆ ಅಷ್ಟು ನಂಬಿಕೆ.

ಆ ನಂಬಿಕೆಯೇ ಐವತ್ತೊಂದರಲ್ಲಿ ಮುಳುವಾಯಿತು. ಜಯರಾಮನ್ ಎಂಬ ಹುಡುಗನ ಪತ್ರಿಕೆಯಲ್ಲೂ ಅವನ ಚಿಕ್ಕಮ್ಮನ ಮಗನ ಪತ್ರಿಕೆಯಲ್ಲೂ ಒಂದೇ ಗಂಟು: ಎರಡು ಸುತ್ತು, ಬಾಲ ಒಳಗೆ. "ಎರಡೂ ಒಂದೇ ಕೈ ಸಾರ್" ಎಂದು ಲಿಂಗಪ್ಪನ್ ಹೆಮ್ಮೆಯಿಂದ ಹೇಳಿದರು. ತಮ್ಮನಿಗೂ ಜಯರಾಮನ್ನೇ ಬರೆದುಕೊಟ್ಟಿದ್ದಾನೆಂದು ಮೂವರು ಮೇಷ್ಟರು ಸಹಿ ಹಾಕಿದರು, ವ್ಯಾಸರಾಯರೂ ಅವರಲ್ಲೊಬ್ಬರು. ಎರಡು ವರ್ಷ ಪರೀಕ್ಷೆಯಿಂದ ಹೊರಗೆ. ಹುಡುಗನನ್ನು ಒಂದು ಮಾತು ಕೇಳಿದವರಿಲ್ಲ. ಮೂರನೆಯ ದಿನ ಅವನು ಬಾವಿಯಲ್ಲಿ ಸಿಕ್ಕಿದ.

ಹದಿಮೂರನೆಯ ದಿನದ ಕರ್ಮಕ್ಕೆ ಲಿಂಗಪ್ಪನ್ ಆ ಮನೆಗೆ ಹೋದರು, ಅದೂ ಕರುಮತ್ತಂಪಟ್ಟಿಯಲ್ಲೇ. ತಾಯಿ ನಾಚಿಯಮ್ಮ ಮಗ್ಗದ ಪಕ್ಕ ಕೂತಿದ್ದರು. ತುಂಡಾಗಿದ್ದ ಒಂದು ಎಳೆಗೆ ಆಕೆಯ ಕೈ ತಾನಾಗಿ ಹೋಯಿತು, ಕಟ್ಟಿತು. ಎರಡು ಸುತ್ತು, ಬಾಲ ಒಳಗೆ.

"ನಮ್ ಮನೆ ಮಕ್ಳೆಲ್ಲ ಹಿಂಗೇ ಕಟ್ಟೋದು ಅಣ್ಣ, ನಾನೇ ಕಲ್ಸಿದ್ದು. ಯಾಕೆ ಹಂಗ್ ನೋಡ್ತೀರಾ?"

ಲಿಂಗಪ್ಪನ್ ಎದ್ದು, ಚಪ್ಪಲಿ ಮೆಟ್ಟಿ, ಬಂದ ದಾರಿ ಹಿಡಿದರು.

ಅಲ್ಲಿಂದೀಚೆಗೆ ಪ್ರತಿ ಏಪ್ರಿಲ್‌ನಲ್ಲೂ ಯಾವನೋ ಒಬ್ಬನ ಪತ್ರಿಕೆಯಲ್ಲಿ ಅದೇ ಗಂಟು. ಆ ಮನೆಯ ಮಕ್ಕಳು ಯಾರೂ ಈಗ ಈ ಕಾಲೇಜಿನಲ್ಲಿಲ್ಲ. ಲಿಂಗಪ್ಪನ್ ಬಾಯಿ ಬಿಡದೆ ಬಿಚ್ಚಿ, ಬೇರೆ ಗಂಟು ಹಾಕಿ ಕಳಿಸುತ್ತಿದ್ದರು. ನಿನ್ನೆ ಕೃಷ್ಣಸಾಮಿ ಎಂಬವನ ಪತ್ರಿಕೆಯಲ್ಲಿ ಅದು ಕೈಗೆ ಸಿಕ್ಕಾಗ ವ್ಯಾಸರಾಯರು ಬೆನ್ನ ಹಿಂದೆಯೇ ನಿಂತಿದ್ದರು, ಅವರಿಗೆ ಎಲ್ಲ ಹೇಳಲೇಬೇಕಾಯಿತು. ಆ ಹುಡುಗ ಈ ವಾರವೆಲ್ಲ ಹಾಕಿದ್ದು ಸಿಕ್ಕುಸಿಕ್ಕಾದ ಗಂಟು. ಹಾಗಾದರೆ ಈ ಹಾಳೆ ಕಟ್ಟಿದವರು ಬೇರೆಯವರು, ಹಾಳೆಯೂ ಹೊರಗಿನದೇ ಇರಬೇಕು ಎಂಬುದು ಪ್ರೊಫೆಸರರ ಅನುಮಾನ. ಒಂಬತ್ತಕ್ಕೆ ಕಟ್ಟು ಮದರಾಸಿಗೆ ಹೊರಡಬೇಕು. ಜೊತೆಗೆ ವರದಿ ಹೋದರೆ ಕೃಷ್ಣಸಾಮಿಗೂ ಎರಡು ವರ್ಷ.

ಹಾಸ್ಟೆಲ್‌ನಿಂದ ಅವನನ್ನು ಕರೆಸುತ್ತಾರೆ. ವ್ಯಾಸರಾಯರು ಒಂದು ಎಳೆ ಕೊಟ್ಟು "ಕಟ್ಟು" ಎನ್ನುತ್ತಾರೆ. ಅವನು ಕಟ್ಟಿದ್ದು ಅದೇ ಸಿಕ್ಕು.

"ನಿನ್ನೇದು ಯಾರು ಕಟ್ಟಿದ್ದು?"

ಹುಡುಗ ಬೆಪ್ಪಾಗಿ ಲಿಂಗಪ್ಪನ್ ಕಡೆ ನೋಡುತ್ತಾನೆ. ತಮಿಳಿನಲ್ಲೇ ಹೇಳುತ್ತಾನೆ: "ಇವರೇ ಅಲ್ವಾ ಸಾರ್? ಬೆಲ್ ಹೊಡೆದುಬಿಟ್ಟಿತ್ತು, ನೂಲು ತೂತಿಗೆ ಹೋಗ್ತಾನೇ ಇರ್ಲಿಲ್ಲ. ಹಿಂದಿನಿಂದ ಒಂದು ಕೈ ಬಂತು, ಕಟ್ಟಿತು. ತಣ್ಣಗಿತ್ತು. ಗಂಜಿ ಹಾಕಿದ ನೂಲಿನ ವಾಸನೆ."

ಲಿಂಗಪ್ಪನ್ ಆ ಹೊತ್ತಿನಲ್ಲಿ ಪ್ರೊಫೆಸರರ ಜೊತೆ ಬಾಗಿಲಲ್ಲಿದ್ದರು. ಕೃಷ್ಣಸಾಮಿ ಕೂತದ್ದು ಕೊನೆಯ ಸಾಲು. ಹಿಂದೆ ಗೋಡೆ.

ವ್ಯಾಸರಾಯರು ಹಾಳೆ ಬಿಡಿಸಿ ಅದರಲ್ಲಿ ಉತ್ತರಿಸಿರುವ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳುತ್ತಾರೆ. ಹುಡುಗ ನಿಂತಲ್ಲೇ ಎಲ್ಲಕ್ಕೂ ಉತ್ತರಿಸುತ್ತಾನೆ. ಅವಸರದಲ್ಲಿ ಬರೆಯದೆ ಬಿಟ್ಟದ್ದನ್ನೂ ಸೇರಿಸಿ ಹೇಳುತ್ತಾನೆ. ಉತ್ತರ ಅವನದೇ, ಅನುಮಾನವಿಲ್ಲ. "ಹೋಗಿ ಓದ್ಕೊ, ಹತ್ತಕ್ಕೆ ಪರೀಕ್ಷೆ" ಎಂದು ಕಳಿಸಿ, ವರದಿಯ ನಮೂನೆಯನ್ನು ನಾಲ್ಕಾಗಿ ಹರಿಯುತ್ತಾರೆ.

"ಇವನನ್ನ ಕೇಳೋಕೆ ಅರ್ಧ ಗಂಟೆ ಸಾಕಾಯ್ತು ನೋಡು, ಲಿಂಗಪ್ಪಾ."

"ಹೌದು ಸಾರ್." ಕತ್ತರಿ ನಿಲ್ಲುತ್ತದೆ. "ಪರೀಕ್ಷೆ ಮುಗಿದ್ಮೇಲೆ ಒಂದಿನ ಲೀವ್ ಬೇಕು. ಕರುಮತ್ತಂಪಟ್ಟಿಗೆ ಹೋಗ್ಬೇಕು. ಜಯರಾಮನ್ ಅಮ್ಮ ಅವತ್ತು ಒಂದ್ ಮಾತು ಕೇಳಿದ್ರು. ಅದಕ್ಕೆ ಉತ್ತರ ಹೇಳ್ಬೇಕು."

"ಒಬ್ನೇ ಹೋಗ್ಬೇಡ. ಸಹಿ ಹಾಕಿದವನು ನಾನು, ನಾನೂ ಬರ್ತೀನಿ."

ಹತ್ತು ಗಂಟೆಗೆ ಬೆಲ್ ಹೊಡೆಯುತ್ತದೆ. ಹುಡುಗರು ಸಾಲಾಗಿ ಒಳಗೆ ಬರುತ್ತಾರೆ. ಎಲ್ಲರಿಗಿಂತ ಹಿಂದೆ ಕೃಷ್ಣಸಾಮಿ. ಹೊಸ್ತಿಲಲ್ಲಿ ಅವನು ತಟಕ್ಕನೆ ನಿಂತು, ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಡುತ್ತಾನೆ. ಆಮೇಲೆ ತಾನು ಒಳಗೆ ಬರುತ್ತಾನೆ.