ಅತ್ತೆಗೆ ಕೇಳಿಸಿದ ಕೂಗು

ಹೊಳೆಯ ದಂಡೆಯಲ್ಲಿ ಹುಟ್ಟಿ, ಹೊಳೆಯ ದಂಡೆಯ ಊರಿಗೇ ಸೊಸೆಯಾಗಿ ಬಂದವಳು ನಾನು. ನೀರಿನ ಬಗ್ಗೆ ಜನ ಹೇಳುವ ಕಥೆಗಳನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಮಡುವಿನಿಂದ ಯಾರೋ ಹೆಸರು ಹಿಡಿದು ಕರೆದರು, ಮುಳುಗಿದವನ ದನಿ ಮೂರು ದಿನ ಕೇಳಿಸಿತು, ಇಂಥವು. ನಾನು ನಂಬಿದವಳಲ್ಲ. ಗಾಳಿ ಇರುತ್ತದೆ, ಹೆದರಿಕೆ ಇರುತ್ತದೆ, ಎರಡೂ ಸೇರಿದರೆ ದನಿ ಕೇಳಿಸದೆ ಏನು ಎಂದು ವಾದ ಮಾಡುತ್ತಿದ್ದೆ. ಬೇರೆಯವರ ಕಥೆಗಳನ್ನು ಈಗಲೂ ನಂಬುವುದಿಲ್ಲ. ನನ್ನ ಮನೆಯಲ್ಲೇ ನಡೆದದ್ದನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ ಇಟ್ಟುಕೊಂಡಿದ್ದೇನೆ.

ನಮ್ಮೂರು ಹರಿಹರದಿಂದ ಸ್ವಲ್ಪ ದೂರ, ತುಂಗಭದ್ರೆಯ ಪಕ್ಕ. ಮನೆಯ ಹಿಂದೆ ಮುಕ್ಕಾಲು ಎಕರೆ ತೋಟ. ಸೇವಂತಿಗೆ, ಕನಕಾಂಬರ, ಬದನೆ, ಹೀರೆ, ಕಟ್ಟಕಡೆಗೆ ಹಳ್ಳದ ಅಂಚಿನಲ್ಲಿ ಬಾಳೆ. ನಮ್ಮ ಮನೆಯವರು ಬಸವರಾಜ ಹೂವಿನ ಚೀಲವನ್ನು ಬೈಕಿಗೆ ಕಟ್ಟಿಕೊಂಡು ದಾವಣಗೆರೆಗೆ ಹಾಕಿ ಬರುತ್ತಾರೆ. ತೋಟ ನಿಜವಾಗಿ ಅತ್ತೆಯದು. ಎಪ್ಪತ್ತು ದಾಟಿದ್ದರೂ ಸಸಿ ನೆಡುವುದು ಅವರೇ; ನಾನು ನೆಟ್ಟದ್ದನ್ನು ಕಿತ್ತು ಮತ್ತೆ ನೆಡುತ್ತಾರೆ.

ಅತ್ತೆಗೆ ಕಿವಿ ಕೇಳುವುದಿಲ್ಲ. ಮಂದವಲ್ಲ, ಪೂರ್ತಿ ಇಲ್ಲ. ನಾನು ಹೇಳಹೊರಟ ಸಂಗತಿಗೆ ಹನ್ನೆರಡು ವರ್ಷ ಮೊದಲು ಒಂದು ಕೆಟ್ಟ ಜ್ವರದಲ್ಲಿ ಹೋದದ್ದು. ಕಿವಿಗೆ ಮಷಿನ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ದೀಪಾವಳಿಯಲ್ಲಿ ಬೆನ್ನ ಹಿಂದೆಯೇ ಪಟಾಕಿ ಸಿಡಿದರೂ ತಿರುಗಿ ನೋಡುವುದಿಲ್ಲ. ಮುಖ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಮಿಕ್ಕದ್ದಕ್ಕೆಲ್ಲ ನಮ್ಮ ನಡುವೆ ಕೈಸನ್ನೆ.

ಇನ್ನೊಂದು ವಿಷಯ ಹೇಳಬೇಕು. ಪ್ರವಾಹ, ಅಪಘಾತ ಅಂದಾಗ ನೆರವಾಗಲೆಂದು ತಾಲ್ಲೂಕಿನವರು ಊರಿಗೆ ಇಬ್ಬರನ್ನು ಆರಿಸಿ ತರಬೇತಿ ಕೊಟ್ಟಿದ್ದರು. ಸಂಬಳದ ಕೆಲಸವಲ್ಲ. ಒಂದು ಕಿತ್ತಳೆ ಬಣ್ಣದ ಜಾಕೆಟ್, ಹಗ್ಗ, ಪ್ರಥಮ ಚಿಕಿತ್ಸೆಯ ಚೀಲ, ಅಷ್ಟೆ. ನಮ್ಮೂರಿನಿಂದ ಟ್ರ್ಯಾಕ್ಟರ್ ಇದೆಯೆಂದು ಮಂಜಪ್ಪನವರು, ಈಜು ಬರುತ್ತದೆಂದು ನಾನು. ನಾಲ್ಕು ಜನ ಆಡಿಕೊಂಡರು. ಅದು ತಿಳಿದಾಗ ಅತ್ತೆ, "ನಿಂಗೆ ಈಜು ಬರ್ತೈತೆ, ಅವ್ರಿಗೆ ಬರಲ್ಲ. ಹೋಗು" ಅಂದಿದ್ದರು.

ಆ ವರ್ಷ ಶ್ರಾವಣದಲ್ಲಿ ಹೊಳೆ ಏರಿತು. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ಸುಡುವ ಬಿಸಿಲು. ಮೇಲೆ ಘಟ್ಟದಲ್ಲಿ ಸುರಿದದ್ದು ಇಲ್ಲಿಗೆ ಬಂದಿತ್ತು. ಬೆಳಗ್ಗೆಯೇ ಫೋನ್ ಬಂತು. ಕೆಳಗಿನ ಕೇರಿಯ ಮನೆಗಳನ್ನು ಖಾಲಿ ಮಾಡಿಸಬೇಕಿತ್ತು. ನಾನು ಹೊರಡುವಾಗ ಮನೆಯವರು ಹೂವಿನ ಚೀಲ ಕಟ್ಟುತ್ತಿದ್ದರು. "ದಾವಣಗೆರಿಗೆ ಹೋಗಿ ಬರ್ತೀನಿ. ಹಳ್ಳದ ಸೇತುವೆ ಮ್ಯಾಲೆ ನೀರು ಬಂದ್ರೆ ಅಕ್ಕನ ಮನ್ಯಾಗೆ ಉಳ್ಕಂತೀನಿ, ದಾರಿ ಕಾಯಬ್ಯಾಡ" ಅಂದರು. ಅವರ ಅಕ್ಕನ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದೆ.

ಮಂಜಪ್ಪನವರೂ ನಾನೂ ಮಧ್ಯಾಹ್ನದವರೆಗೆ ಮುದುಕರು, ಮಕ್ಕಳು, ಕುರಿಮರಿ, ಅಕ್ಕಿ ಚೀಲ ಎಲ್ಲವನ್ನೂ ಶಾಲೆಗೆ ಸಾಗಿಸಿದೆವು. ಸೇತುವೆಯ ಮೇಲೆ ನೀರು ಬಂದು ರಸ್ತೆ ಬಂದಾಯಿತು. ಸರಿ, ಇವರು ಅಕ್ಕನ ಮನೆಯಲ್ಲಿ ಉಳಿಯುತ್ತಾರೆ ಅಂದುಕೊಂಡೆ. ಎರಡು ಸಲ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮಾರುಕಟ್ಟೆಯ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ಸುಮ್ಮನಾದೆ.

ಮನೆಗೆ ಬಂದಾಗ ನಾಲ್ಕು ಗಂಟೆಯಿರಬೇಕು. ಅತ್ತೆ ಪಡಸಾಲೆಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ಸದ್ದೇನೂ ಇರಲಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ.

"ಏಳವ್ವ, ಬಾಗ್ಲು ತೆಗಿ. ಬಸ್ಯಾ ಕರಿಯಾಕತ್ತಾನೆ."

ಕಣ್ಣು ಬಿಟ್ಟೆ. ಅತ್ತೆ ತಲೆ ಎತ್ತಿ ಕೂತಿದ್ದರು. ಕಿವಿ ಚೆನ್ನಾಗಿರುವವರು ದೂರದ ಸದ್ದಿಗೆ ಹೇಗೆ ಮುಖ ಓರೆ ಮಾಡುತ್ತಾರೋ ಹಾಗೆ. ಹನ್ನೆರಡು ವರ್ಷದಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಮುಂಬಾಗಿಲು ತೆರೆದೇ ಇತ್ತು, ಅಲ್ಲಿ ಯಾರೂ ಇರಲಿಲ್ಲ. ತೂಕಡಿಕೆಯಲ್ಲಿ ಅತ್ತೆಗೆ ಏನೋ ಕಂಡಿರಬೇಕೆಂದುಕೊಂಡು, ಇವರು ದಾವಣಗೆರೆಗೆ ಹೋಗಿದ್ದಾರೆಂದು ಸನ್ನೆ ಮಾಡಿದೆ.

"ಇಲ್ಲ, ಇಲ್ಲೇ ಅದಾನೆ. 'ಅವ್ವಾ ಬಾಗ್ಲು ತೆಗಿ, ಬಾಗ್ಲು ತೆಗಿ' ಅಂತಾನೆ. ನಿಂಗೆ ಕೇಳ್ಸಂಗಿಲ್ಲೇನು?"

ಕಿವುಡಿ ಅತ್ತೆ ನನ್ನನ್ನು ಕೇಳಿದ ಮಾತು ಇದು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಅವರು ಮಡಿಲಿನ ಕಾಯಿ ಚೆಲ್ಲಿಕೊಂಡು ಎದ್ದು, ಹಿತ್ತಲ ಬಾಗಿಲು ದಾಟಿ ತೋಟಕ್ಕೆ ಇಳಿದೇಬಿಟ್ಟರು. ಸೇವಂತಿಗೆ ಸಾಲಿಗೆ ಕಾಲಿಟ್ಟರೆ ನನ್ನನ್ನು ಬೈಯುವವರು, ತಾವೇ ಗಿಡ ತುಳಿದುಕೊಂಡು ನೆಟ್ಟಗೆ ಬಾಳೆಯ ಕಡೆ ನಡೆದರು. ನೀರಿನ ಹತ್ತಿರ ಹೋಗಿ ಬಿದ್ದಾರೆಂಬ ಭಯದಿಂದ ನಾನು ಹಿಂದೆ ಓಡಿದೆ.

ಬಾಳೆಯ ಆಚೆ ಹಳ್ಳದ ದಡದಲ್ಲಿ ನಮ್ಮ ಪಂಪ್‌ಸೆಟ್ಟಿನ ಮನೆ. ಮಣ್ಣಿನ ಗೋಡೆಯ ಸಣ್ಣ ಕೋಣೆ. ಅದು ಕುಸಿದು ಬಿದ್ದಿತ್ತು. ಹೊಳೆ ಏರಿದಾಗ ಹಳ್ಳಕ್ಕೆ ಹಿಮ್ಮುಖವಾಗಿ ನೀರು ನುಗ್ಗುತ್ತದೆ. ಅದು ಗೋಡೆಯ ಬುಡ ನೆನೆಸಿತ್ತು. ದಡದ ಕಾಲುದಾರಿಯಲ್ಲಿ ಇವರ ಬೈಕ್ ನಿಂತಿತ್ತು, ಹೂವಿನ ಚೀಲ ಹಾಗೇ ಇತ್ತು. ಮಣ್ಣಿನ ಗುಡ್ಡೆಯ ಕೆಳಗೆ ಕೋಣೆಯ ಹಲಗೆ ಬಾಗಿಲು ಅಡ್ಡ ಬಿದ್ದಿತ್ತು. ಅದರ ಅಂಚಿನಲ್ಲಿ ಒಂದು ಕೈ ಕಾಣಿಸುತ್ತಿತ್ತು.

ಎಷ್ಟೋ ಜನರ ಮನೆಯ ಕಷ್ಟಕ್ಕೆ ಓಡಿದವಳು ನಾನು. ಆ ಕೈ ನೋಡಿದಾಗ ಕಲಿತದ್ದೆಲ್ಲ ಒಂದು ಗಳಿಗೆ ಮರೆತೇಹೋಯಿತು. ಅತ್ತೆಯೇ ಮೊದಲು ಮಣ್ಣಿಗೆ ಕೈ ಹಾಕಿದರು. ಆಮೇಲೆ ನನಗೂ ಕೈ ಬಂತು. ಮಂಜಪ್ಪನವರಿಗೆ ಫೋನ್ ಮಾಡಿ, ಬಾಳೆಯ ಹತ್ತಿರವಿದ್ದ ಹಾರೆ ತಂದು, ಹೆಂಟೆಗಳನ್ನು ಒಂದೊಂದಾಗಿ ತೆಗೆದು ಹಾರೆಯಿಂದ ಬಾಗಿಲು ಮೀಟಿದೆ. ಕೆಳಗೆ ಇವರು ಮಗ್ಗುಲಾಗಿ ಬಿದ್ದಿದ್ದರು. ಪ್ರಜ್ಞೆ ಇರಲಿಲ್ಲ. ಬಾಯಿ ತುಂಬ ಕೆಸರು. ಬೆರಳು ಹಾಕಿ ಕೆಸರು ತೆಗೆದೆ, ಕತ್ತು ಅಲುಗದಂತೆ ಎರಡೂ ಕೈಯಿಂದ ಹಿಡಿದು ಕೂತೆ. ಒಂದು ಸಣ್ಣ ಕೆಮ್ಮು ಬಂತು. ಅಂಥ ಸುಖದ ಸದ್ದನ್ನು ನನ್ನ ಜೀವಮಾನದಲ್ಲಿ ಕೇಳಿಲ್ಲ. ನೀರು ಅವರ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ನಾವು ಅವರನ್ನು ಹಲಗೆಯ ಮೇಲೆ ಮಲಗಿಸಿ ಟ್ರ್ಯಾಕ್ಟರಿಗೆ ಏರಿಸುವ ಹೊತ್ತಿಗೆ ಆ ಜಾಗ ಮುಳುಗಿತ್ತು.

ಸೇತುವೆ ಬಿಟ್ಟು ಹೊಲಗಳ ಸುತ್ತುದಾರಿಯಲ್ಲಿ ಟ್ರ್ಯಾಕ್ಟರ್ ಹರಿಹರ ಮುಟ್ಟಿತು. ಅಲ್ಲಿ ಆಂಬುಲೆನ್ಸ್ ಸಿಕ್ಕಿತು, ಹೆದ್ದಾರಿ ಹಿಡಿದು ದಾವಣಗೆರೆಯ ಆಸ್ಪತ್ರೆ ಸೇರಿದೆವು. ಮೂರು ಪಕ್ಕೆಲುಬು, ಒಂದು ಹೆಗಲ ಮೂಳೆ ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದಾಗ ನಿಟ್ಟುವಳ್ಳಿಯಿಂದ ಬಂದಿದ್ದ ಇವರ ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತರು. ನನಗೆ ಅಳುವಿಗಿಂತ ಹೆಚ್ಚಾಗಿ ಹಸಿವು ಕಾಡುತ್ತಿತ್ತು. ಅವರು ಕಟ್ಟಿ ತಂದಿದ್ದ ನಾಲ್ಕು ರೊಟ್ಟಿಯನ್ನು ಕಾರಿಡಾರಿನಲ್ಲೇ ಕೂತು ತಿಂದು ಮುಗಿಸಿದೆ.

ಎರಡು ದಿನದ ಮೇಲೆ ಇವರನ್ನು ಕೇಳಿದೆ. ದಾವಣಗೆರೆಗೆ ಹೊರಟವರಿಗೆ ನೀರು ಬರುವುದರೊಳಗೆ ಮೋಟಾರಿನ ಸ್ಟಾರ್ಟರ್ ಬಿಚ್ಚಿಡೋಣ ಅನ್ನಿಸಿತಂತೆ. ಕೋಣೆಗೆ ಕಾಲಿಟ್ಟದ್ದಷ್ಟೇ ನೆನಪು.

"ಅವ್ವನ್ನ ಕರೆದ್ರೇನು?"

"ಎಲ್ಲಿ ಕರೀಲಿ? ಬಾಯಾಗೆಲ್ಲ ಮಣ್ಣು ಅಂತ ನೀನೇ ಹೇಳ್ತೀಯ" ಅಂದರು.

ಅತ್ತೆಗೆ ಕಿವಿ ಮರಳಿ ಬಂದಿರಬಹುದೆಂಬ ಆಸೆ ನನಗೆ. ಅಲ್ಲೇ ಪರೀಕ್ಷೆ ಮಾಡಿಸಿದೆ. ಏನೂ ಬಂದಿರಲಿಲ್ಲ. ಗೋಡೆ ಬಿದ್ದಾಗಿನ ಅದುರು ನೆಲದಿಂದ ಕಾಲಿಗೆ ತಿಳಿದಿರಬಹುದು ಎಂದರು ಕಿವಿಯ ಡಾಕ್ಟರು. ಒಳ್ಳೆಯ ಮಾತು. ಆದರೆ ಇವರು ಮನೆ ಬಿಟ್ಟು ನೇರ ಆ ಕೋಣೆಗೆ ಹೋದದ್ದು ಹತ್ತೂವರೆಗೆ, ಅತ್ತೆ ತಲೆ ಎತ್ತಿದ್ದು ನಾಲ್ಕಕ್ಕೆ. ಅದುರು ಐದು ಗಂಟೆ ತಡವಾಗಿ ಬರುತ್ತದೆಯೇ? ಬಂದರೂ "ಬಾಗಿಲು" ಎಂಬ ಮಾತು ಹೇಗೆ ಬಂತು?

ಅತ್ತೆಯನ್ನೇ ಕೇಳಿದರೆ ಅವರಿಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ. "ಕರೆದ, ಹೋದೆ. ಅದ್ರಾಗೇನೈತೆ?" ಅನ್ನುತ್ತಾರೆ. ಆಮೇಲೆ ಅವರಿಗೆ ಯಾವತ್ತೂ ಏನೂ ಕೇಳಿಸಿಲ್ಲ.

ಪ್ರವಾಹ ಇಳಿದ ಮೇಲೆ ನಾವು ಮಾಡಿದ ರಕ್ಷಣೆಗಳ ವರದಿಯನ್ನು ತಾಲ್ಲೂಕಿನವರು ಕೇಳಿದರು. ಪ್ರತಿಯೊಂದಕ್ಕೂ ಒಂದು ಫಾರಂ. ನಮ್ಮ ಮನೆಯದನ್ನೂ ಬರೆಯಿರಿ ಎಂದು ಮಂಜಪ್ಪನವರು ಹಟ ಹಿಡಿದರು. ಹೆಸರು, ಜಾಗ, ಗಾಯ ಎಲ್ಲ ಬರೆದೆ. "ವಿಷಯ ತಿಳಿದದ್ದು ಹೇಗೆ" ಎಂಬ ಕಾಲಂ ಬಂದಾಗ ಪೆನ್ನು ನಿಂತಿತು. ಬಹಳ ಹೊತ್ತು ಯೋಚಿಸಿ, "ಗಾಯಾಳುವಿನ ತಾಯಿ ಕೂಗು ಕೇಳಿ ತಿಳಿಸಿದರು" ಎಂದು ಬರೆದು ಸಹಿ ಹಾಕಿದೆ. ಅಧಿಕಾರಿ ಓದಿ, ಸರಿಯಿದೆಯೆಂದು ಸೀಲು ಒತ್ತಿದರು.