ಕಂಕುಳ ಸೋರಿಕೆಗೆ ಹಾಕಿದ ಅಂಟು

ಅತ್ತೆಯ ಬಲ ಎದೆಯ ಕ್ಯಾನ್ಸರ್ ಗಂಟನ್ನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತೆಗೆದರು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಒಳಗೆ ದುಗ್ಧರಸ ಸೋರಿ ತುಂಬಿಕೊಳ್ಳುವ ಭಯವಿತ್ತು. ಅದು ಹೊರಬರಲೆಂದು ಪಕ್ಕೆಯಿಂದ ಸಣ್ಣ ಕೊಳವೆಯೊಂದನ್ನು ಪ್ಲಾಸ್ಟಿಕ್ ಬಾಟಲಿಗೆ ಸೇರಿಸಿದ್ದರು. ಮೊದಲು ಕೆಂಪಗಿದ್ದ ನೀರು ಆಮೇಲೆ ಹಾಲಿಲ್ಲದ ಟೀಯಂತಾಗಿ, ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ನೋಡಲು ಬಂದವರಿಗೆ ಕಾಣಬಾರದೆಂದು ಅತ್ತೆ ಆ ಬಾಟಲಿಯನ್ನು ಎಲೆಅಡಿಕೆ ಚೀಲದೊಳಗೆ ಇಳಿಬಿಟ್ಟುಕೊಂಡಿದ್ದರು.

"ಸೋರೋದು ಕಡಿಮೆಯಾಗ್ಲಿ ಅಂತ ಒಳಗೆ ಒಂಥರಾ ಅಂಟು ಹಾಕಿದ್ದೀವಿ ಅಮ್ಮ," ಎಂದರು ಡಾಕ್ಟರು. "ರಕ್ತ ಹೆಪ್ಪುಗಟ್ಟುತ್ತಲ್ಲ, ಆ ಅಂಶದಿಂದ ಮಾಡಿರೋದು. ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಹೇಳಕ್ಕಾಗಲ್ಲ."

"ಯಾರ್ ರಕ್ತ ಸ್ವಾಮಿ?"

"ಯಾರೋ ದಾನ ಕೊಟ್ಟಿದ್ದು."

ಅತ್ತೆ ಸೊಸೆಯಾದ ನನ್ನ ಕಡೆ ತಿರುಗಿದರು. "ಕೇಳುಸ್ಕೊಂಡ್ಯಾ ಮಗಾ? ಇನ್ಮೇಲೆ ನಿನ್ನ ಬೈದ್ರೆ ಅದು ನಾನಲ್ಲ ಕಣ, ಆ ರಕ್ತ ಕೊಟ್ಟೋರು."

ಹುಣಸೂರಿನ ಹತ್ತಿರದ ನಮ್ಮ ಊರಿಗೆ ಕೊಳವೆಯ ಸಮೇತವೇ ಬಂದೆವು. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಮಣ್ಣುಗೋಡೆಯ ಎತ್ತರದ ಮನೆಯಲ್ಲಿ ಬಿಸಿಗೆ ಒಣಗಿಸಿ ಬೇಯಿಸುವ ಕಾಲ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್‌ನೊಳಗೆ ಮೇಲಕ್ಕೆ ಎತ್ತಿಕೊಡುವ ಕೆಲಸ ಪ್ರತಿ ವರ್ಷವೂ ಅತ್ತೆಯದು. ಬೇಗ ಕೈ ಮೊದಲಿನಂತಾಗಬೇಕೆಂಬುದೊಂದೇ ಅವರ ಆಸೆ. ನಿಧಾನವಾಗಿ ಕೈ ಎತ್ತುತ್ತಿರಬೇಕು, ಗೋಡೆಯ ಮೇಲೆ ಬೆರಳು ನಡೆಸಬೇಕು ಎಂದು ನರ್ಸು ತೋರಿಸಿಕೊಟ್ಟಿದ್ದರು. ನಾನು ನೆನಪಿಸಿದಾಗಲೆಲ್ಲ ಅತ್ತೆಯ ಉತ್ತರ ಒಂದೇ: "ಆಗ್ಲೇ ಎತ್ತಿದೆ ಕಣವ್ವ, ನೀನು ಒಳಗಿದ್ದೆ."

ಒಂದು ಬೆಳಗ್ಗೆ ಸೆರಗು ಜಾರಿದಾಗ ಕಂಡಿತು. ಹಳೆಯ ಸೀರೆಯ ಪಟ್ಟಿಯಿಂದ ತೋಳನ್ನು ಮೈಗೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಪಟ್ಟಿಯ ಅಂಚು ಚರ್ಮದ ಮೇಲೆ ಕೆಂಪಗೆ ಗೆರೆ ಎಳೆದಿತ್ತು.

"ಇದೇನತ್ತೆ?"

"ಬ್ಯಾರನ್ ಬಿರುಕಿಗೆ ಮಣ್ಣು ಮೆತ್ತುದ್ ಮ್ಯಾಲೆ ಗೋಡೆ ಅಳ್ಳಾಡಿಸ್ತಾರಾ? ಅಂಟು ಚೆನ್ನಾಗಿ ಇಡ್ಕಳ್ಳಿ ಬುಡು."

"ನರ್ಸು ಎತ್ತಬೇಕು ಅಂದ್ರಲ್ಲ?"

"ಆ ನರ್ಸಮ್ಮ ಯಾವತ್ತು ಮಣ್ಣು ಮೆತ್ತಿದ್ಲು?"

ನಾನು ಬಿಚ್ಚಿದೆ. ನಾನು ಅಡುಗೆಮನೆಗೆ ಹೋದೊಡನೆ ಮತ್ತೆ ಕಟ್ಟಿಕೊಂಡರು. ಬಾಟಲಿಯ ನೀರು ಮಾತ್ರ ದಿನದಿನಕ್ಕೂ ಇಳಿಯಿತು. ಅದನ್ನು ಬೆಳಕಿಗೆ ಹಿಡಿದು, "ನೋಡ್ದಾ?" ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು.

ಮೈಸೂರಿನಲ್ಲಿ ಕೊಳವೆ ತೆಗೆದರು. ವಾರ ಬಿಟ್ಟು ತೋರಿಸಲು ಹೋದಾಗಲೂ ಒಳಗೆ ನೀರು ತುಂಬಿಕೊಂಡಿರಲಿಲ್ಲ. "ಈಗ ಕೈ ಮೇಲೆತ್ತಿ ಅಮ್ಮ," ಎಂದರು ಡಾಕ್ಟರು. ಕೈ ಎದೆಯ ಮಟ್ಟಕ್ಕೂ ಬರಲಿಲ್ಲ. ಅತ್ತೆ ತುಟಿ ಕಚ್ಚಿ ಇನ್ನೊಮ್ಮೆ ಎತ್ತಿದರು. ಭುಜದ ಜೊತೆ ಕುತ್ತಿಗೆಯೂ ವಾಲಿತೇ ಹೊರತು ಕೈ ಏಳಲಿಲ್ಲ. ಡಾಕ್ಟರು ಚರ್ಮದ ಮೇಲಿನ ಗೆರೆ ನೋಡಿದರು, ಬಯ್ಯಲಿಲ್ಲ. "ಅಂಟಿಂದ ನಿಂತಿತೋ, ನೀವು ಕಟ್ಟಿದ್ದಕ್ಕೆ ನಿಂತಿತೋ, ನನಗೂ ಹೇಳಕ್ಕಾಗಲ್ಲ. ಆದ್ರೆ ಭುಜ ಹಿಡ್ಕೊಂಡುಬಿಟ್ಟಿದೆ," ಎಂದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಬಿಳಿಕೆರೆ ದಾಟಿದ ಮೇಲೆ ಕೇಳಿದರು: "ಸೋರುದ್ರೆ ಸೋರ್ಲಿ ಅಂತ ಬುಟ್ಟುಬುಡ್ಬೇಕಿತ್ತಾ ಮಗಾ?" ಹೌದೆಂದು ನನಗೆ ಗೊತ್ತಿತ್ತು; ಅವರ ಭುಜದ ಮೇಲೆ ಸೆರಗು ಸರಿಮಾಡಿದೆ.

ಅಂದಿನಿಂದ ನಡುಮನೆಯ ಗೋಡೆಗೆ ನಿಂತು ಬೆರಳು ಹತ್ತಿಸತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ಹತ್ತಿಸುತ್ತಿದ್ದರು. ರವಿಕೆಯ ತೋಳಿಗೆ ಕೈ ತೂರಲು ಆಗದ್ದರಿಂದ ನಾನು ಅವರ ರವಿಕೆಗಳ ಬಲಪಕ್ಕದ ಹೊಲಿಗೆ ಬಿಚ್ಚಿ ಹುಕ್ಕು ಇಟ್ಟುಕೊಟ್ಟೆ.

"ಬಟ್ಟೆ ಕತ್ತರಿಸ್ಬ್ಯಾಡ," ಎಂದರು. "ಕೈ ಎದ್ ಮ್ಯಾಲೆ ತಿರ್ಗ ಸೇರ್ಸಿ ಹೊಲಿವಂತೆ."

ಕತ್ತರಿಸಲಿಲ್ಲ, ಅಂಚನ್ನು ಹಾಗೇ ಒಳಕ್ಕೆ ಮಡಚಿಟ್ಟೆ. ಕೈ ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಅತ್ತೆ ಹೋದ ದಿನ ಅವರ ಮೈಮೇಲೆ ಇದ್ದದ್ದು ಹುಕ್ಕಿನ ರವಿಕೆಯೇ.