ಅವ್ವ ಕೂತ ಚಿತ್ರ

ಪುಸ್ತಕದ ತುಂಬ ಅವ್ವ ಇದ್ದಳು, ಆದರೆ ಎಲ್ಲೂ ಅವಳ ಮುಖವಿರಲಿಲ್ಲ. ಬರೆದ ಲಲಿತಾಳಿಗೇ ಇದು ಗೊತ್ತಿರಲಿಲ್ಲ. ರಾಯಚೂರಿನಲ್ಲಿ ಮಕ್ಕಳ ಪುಸ್ತಕ ಅಚ್ಚು ಹಾಕಿಸುವ ಆತಿಯಾ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರವಿ, ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದಾಗಲೇ ತಿಳಿದದ್ದು.

“ಲಲಿತಕ್ಕ, ಅವ್ವನ ಮುಖ ಎಲ್ಲಿ ಅದರೀ?”

ಕಾಲಿಗೆ ಮುಳ್ಳು ಚುಚ್ಚಿಕೊಂಡ ಕುರಿಮರಿಯನ್ನು ಎತ್ತಿಕೊಂಡು ಪುಟ್ಟ ಹುಡುಗಿಯೊಬ್ಬಳು ದಿನವಿಡೀ ಅವ್ವನ ಹಿಂದೆ ಅಲೆಯುವ ಕಥೆ ಅದು. ಅವ್ವ ಒಂದು ಕಡೆ ದೊಡ್ಡಿ ಗುಡಿಸುತ್ತಿರುತ್ತಾಳೆ, ಇನ್ನೊಂದು ಕಡೆ ಕೊಡ ಎತ್ತುತ್ತಿರುತ್ತಾಳೆ, ಒಲೆ ಊದುತ್ತಿರುತ್ತಾಳೆ, ಉಣ್ಣೆ ಹಿಂಜುತ್ತಿರುತ್ತಾಳೆ. ಲಲಿತಾ ಕಂಡದ್ದನ್ನೇ ಬರೆದಿದ್ದಳು: ಬಾಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಜಾರಿದ ತುರುಬು.

ಆತಿಯಾ ಒಳ್ಳೆಯವಳು, ಮಾತಿನಲ್ಲಿ ಒರಟಿಲ್ಲ. ಇಷ್ಟು ಹುಡುಕಿದ ಮಗು ಕೊನೆಗಾದರೂ ಅವ್ವನ ಮುಖ ನೋಡಬೇಕಲ್ಲ, ಇಲ್ಲದಿದ್ದರೆ ಓದುವ ಮಕ್ಕಳಿಗೆ ಹೆದರಿಕೆಯಾಗುತ್ತದೆ ಎಂದಳು. ಕೆಲಸವೆಲ್ಲ ಮುಗಿಸಿ, ಕೈ ಮಡಿಲಲ್ಲಿಟ್ಟು, ನಗುತ್ತ ಕೂತ ಅವ್ವ. ಅದೊಂದು ಪುಟ ಸೋಮವಾರದೊಳಗೆ ಬರಬೇಕು. ಬರದಿದ್ದರೆ ಈ ವರ್ಷದ ಅಚ್ಚಿಗೆ ಈ ಪುಸ್ತಕ ಇಲ್ಲ, ಮುಂದಿನ ವರ್ಷದ್ದು ಈಗಲೇ ಹೇಳಲಾಗದು. ಲಲಿತಾ ಹೊರಡುವಾಗ, ಪುಸ್ತಕದ ಹೊದಿಕೆಯ ಮೇಲೆ ನಿಮ್ಮ ಹೆಸರು ಏನೆಂದು ಹಾಕಲಿ ಎಂದೂ ಕೇಳಿದಳು. ಲಲಿತಾ ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಳು.

ಮನೆ ಇರುವುದು ಮಾನ್ವಿಯಲ್ಲಿ. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದ ಲಲಿತಾಳನ್ನು ಅಲ್ಲಿಗೆ ಕೊಟ್ಟಿದ್ದರು. ಗಂಡ ನಿಂಗರಾಜ ರೈಸ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಮಗಳು ಕಾವ್ಯಾ ಶಾಲೆಗೆ ಸೇರಿದ ಮೇಲೆ ಚಾರ್ಟ್ ಬರೆಯುವ ಕೆಲಸ ಮನೆಗೆ ಬರತೊಡಗಿತು. ಲಲಿತಾ ಬರೆದ ನವಿಲು ಚಂದ ಬಂತೆಂದು ಓಣಿಯ ಎಲ್ಲ ಮಕ್ಕಳ ನವಿಲು, ಎಲ್ಲ ಮಕ್ಕಳ ಕರುಳು-ಜಠರ ಅವಳ ಪಾಲಿಗೇ ಬಂದವು. ನಿನಗೆ ಹೇಗೂ ಬರುತ್ತದಲ್ಲ ಎಂದು ಕೊಟ್ಟು ಹೋಗುತ್ತಿದ್ದರು. ಯಾರೂ ಅದನ್ನು ಕೆಲಸ ಎಂದು ಕರೆಯಲಿಲ್ಲ. ಶಾಲೆಯ ಟೀಚರೊಬ್ಬರು ಆ ಚಾರ್ಟುಗಳನ್ನು ಆತಿಯಾಳಿಗೆ ತೋರಿಸಿದ್ದರಿಂದ ಪುಸ್ತಕದ ಮಾತು ಹುಟ್ಟಿತು. ಮಧ್ಯಾಹ್ನ ಅತ್ತೆ ದುರ್ಗಮ್ಮ ಮಲಗಿದಾಗ, ಅಡುಗೆಮನೆಯ ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಅಷ್ಟೂ ಚಿತ್ರ ಬರೆದಳು. ಅಕ್ಕಿ ಬೇಕಾದಾಗಲೆಲ್ಲ ಚಿತ್ರ ಕೆಳಗಿಳಿಯಬೇಕು.

ಹೆಸರಿನ ವಿಷಯ ಕೇಳಿದಾಗ ನಿಂಗರಾಜನಿಗೆ ಖುಷಿಯೇ ಆಯಿತು. “ಲಲಿತಾ ನಿಂಗರಾಜ ಅಂತ ಹಾಕಸು,” ಎಂದ. ಮಿಲ್ಲಿನಲ್ಲಿ ನಾಲ್ಕು ಮಂದಿಗೆ ಹೇಳಿಯೂ ಬಂದ. ಮನೆಗೆಲಸ ನಿಲ್ಲಬಾರದು, ಅಷ್ಟೇ ಅವನ ಷರತ್ತು.

ಅಂದು ಅವಳು ಚಿತ್ರಗಳನ್ನು ಕಾವ್ಯಾಳ ಮುಂದಿಟ್ಟು ಇದು ಯಾರೆಂದು ಕೇಳಿದಳು. ದೇವದುರ್ಗದ ಅಜ್ಜಿ ಅನ್ನುತ್ತದೆ ಮಗು ಎಂದುಕೊಂಡಿದ್ದಳು.

“ನೀನ. ಬೆನ್ನು ನಿಂದ ಅದ,” ಎಂದು ಕಾವ್ಯಾ ಪೆನ್ಸಿಲ್ ಕೆತ್ತುವುದನ್ನು ಮುಂದುವರಿಸಿದಳು.

ಮರುದಿನ ಮಧ್ಯಾಹ್ನ ಲಲಿತಾ ಮುಖ ಬರೆಯಲು ಕೂತಳು. ಕಣ್ಣು ಮುಚ್ಚಿ ಅವ್ವ ಕರೆಮ್ಮನನ್ನು ನೆನೆದರೆ ಬೆನ್ನೇ ಬರುತ್ತದೆ. ಮುಖ ಬಂದರೂ ಹೊಗೆಗೆ ಕಿರಿದಾದ ಕಣ್ಣಿನ, ಅರ್ಧ ತಿರುಗಿದ ಮುಖ. ಕೊನೆಗೆ ಕೈಗೆ ಬಿಟ್ಟಳು, ಕೈ ಬರೆಯಿತು. ಗೋಡೆಗೆ ಒರಗಿ ಕಾಲು ಮಡಚಿ ಕೂತ ಹೆಂಗಸು, ಮಡಿಲಲ್ಲಿ ಕೈ, ಎದುರಿಗೆ ನೆಟ್ಟ ಮುಖ. ಹಣೆ ಬೋಳು ಕಂಡಿತೆಂದು ವಿಭೂತಿ ಬಳಿದಳು, ತಲೆ ಬೋಳು ಕಂಡಿತೆಂದು ಹೂ ಮುಡಿಸಿದಳು. ಬಣ್ಣ ಆರಲೆಂದು ಪಡಸಾಲೆಯ ಗೋಡೆಗೆ ಆನಿಸಿಟ್ಟು ಬಟ್ಟೆ ಒಗೆಯಲು ಹೋದಳು.

ಮರಳಿ ಒಳಗೆ ಬಂದಾಗ, ನಿದ್ದೆಯಿಂದ ಎದ್ದ ದುರ್ಗಮ್ಮ ಅದರ ಮುಂದೆ ಕುಸಿದು ಕೂತಿದ್ದರು. ಸೆರಗು ಆಗಲೇ ಬಾಯಿಗೆ ಹೋಗಿತ್ತು.

“ಯಾವಾಗ ಹೋದ್ಲು ಬೇ ನಿಮ್ಮವ್ವ? ನನಗ ಯಾಕ ಹೇಳಲಿಲ್ಲ?”

ಲಲಿತಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಚಿತ್ರ ನೋಡಿದಳು, ಅತ್ತೆಯ ಕಣ್ಣಿನಿಂದ. ಈ ಕಡೆ ಸತ್ತವರನ್ನು ಹೀಗೇ ಕೂಡಿಸುತ್ತಾರೆ: ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹೂ ಮುಡಿಸಿ, ಕೈ ಮಡಿಲಲ್ಲಿಟ್ಟು. ಬಂದವರು ಎದುರಿಗೆ ಕೂತು ಮುಖ ನೋಡುತ್ತಾರೆ. ಲಲಿತಾ ಚಿಕ್ಕವಳಿದ್ದಾಗ ಅಜ್ಜಿಯನ್ನು ಹಾಗೆ ಕೂಡಿಸಿದ್ದರು. ತಮ್ಮ ಮನೆಯ ಹೆಂಗಸೊಬ್ಬಳು ಬರಿಗೈಯಲ್ಲಿ, ಎಲ್ಲರಿಗೂ ಮುಖ ತೋರಿಸಿ ಕೂತದ್ದನ್ನು ಅವಳು ಕಂಡದ್ದು ಅದೊಂದೇ ಸಲ. ಕೈಗೆ ಬೇರೆ ಯಾವ ನೆನಪೂ ಸಿಕ್ಕಿರಲಿಲ್ಲ.

ದುರ್ಗಮ್ಮ ಸಮಾಧಾನಕ್ಕೆ ಬರಲಿಲ್ಲ. ಬದುಕಿದವಳನ್ನು ಹೀಗೆ ಬರೆಯುವುದು ಅಪಶಕುನ, ಈಗಲೇ ಫೋನ್ ಹಚ್ಚು ಎಂದರು. ಆ ಕಡೆಯಿಂದ ಕರೆಮ್ಮನ ದನಿ ಬಂದಾಗ ತಾವೇ ಫೋನ್ ಕಿತ್ತುಕೊಂಡು, ಹುಷಾರಾಗಿದ್ದೀರಾ ಎಂದು ಕೇಳಿದರು.

“ಅದೀನವ್ವ, ರೊಟ್ಟಿ ಬಡಿಯಾಕತ್ತೀನಿ. ಏನಾತು?”

ದುರ್ಗಮ್ಮ ಚಿತ್ರವನ್ನು ಒಲೆಗೆ ಹಾಕಿ, ಹೋಗಿ ಅವ್ವನ ಮುಖ ನೋಡಿ ಬಾ ಎಂದು ತಾವೇ ಹೇಳಿದರು. ಅಷ್ಟು ಹೇಳಿದ್ದಕ್ಕೆ ಲಲಿತಾ ಮರುದಿನ ನಸುಕಿನಲ್ಲೆದ್ದು ಎಲ್ಲರಿಗೂ ರೊಟ್ಟಿ ಬಡಿದಿಟ್ಟು, ಪಲ್ಯ ಮಾಡಿ, ನೀರು ತುಂಬಿ, ಕಾವ್ಯಾಳ ಜಡೆ ಹಾಕಿ, ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹತ್ತಿದಳು.

ಕರೆಮ್ಮನನ್ನು ಕೂಡಿಸುವುದು ಅಷ್ಟು ಸುಲಭವಿರಲಿಲ್ಲ. ಇಗೋ ಕೂತೆ ಎನ್ನುತ್ತಾಳೆ, ಕೂತವಳು ಮರಿಗೆ ನೀರಿಟ್ಟಿಲ್ಲವೆಂದು ಏಳುತ್ತಾಳೆ. ಅಂಗಳದ ಬೇವಿನ ನೆರಳಿನಲ್ಲಿ ಅಣ್ಣ ಕನಕಪ್ಪ ಕಂಬಳಿ ಹಾಸಿ, ಫೋನ್ ನೋಡುತ್ತ ಮಲಗಿದ್ದ. ಬೆಳಗಿನಿಂದ ಕುರಿಗಳ ಹಿಂದೆ ತಿರುಗಿ ಬಂದಿದ್ದ, ಅದೂ ನಿಜ. ಅವನ ಮುಖ ಬರೆಯಲು ಯಾವ ಕಷ್ಟವೂ ಇರಲಿಲ್ಲ.

“ನೀ ಕುಂದ್ರು ಯವ್ವಾ, ಉಳಿದದ್ದು ನಾ ಮಾಡ್ತೀನಿ,” ಎಂದು ಲಲಿತಾ ಕಾಗದ ಬದಿಗಿಟ್ಟಳು. ದೊಡ್ಡಿ ಗುಡಿಸಿದಳು, ನೀರು ತಂದಳು, ಹಿಟ್ಟು ನಾದಿದಳು. ಕರೆಮ್ಮ ನಿಜಕ್ಕೂ ಹೊಸ್ತಿಲ ಬಳಿ ಕೂತಳು. ಆಗ ಲಲಿತಾಳಿಗೆ ಹೊಳೆಯಿತು: ಅವ್ವ ಕೂತಿದ್ದಾಳೆ, ಬರೆಯಲು ತನ್ನ ಕೈ ಖಾಲಿ ಇಲ್ಲ. ಕೈ ತೊಳೆದು ಕಾಗದ ಹಿಡಿದರೆ ಅವ್ವ ಎದ್ದು ಒಲೆಯ ಮುಂದೆ ಹೋಗುತ್ತಾಳೆ.

ಹೆಂಚಿನ ಮೇಲೆ ರೊಟ್ಟಿ ಹಾಕುವಾಗ ಹಿಂದಿನಿಂದ ದನಿ ಬಂತು.

“ನಿನ್ ಬೆನ್ನು ನಮ್ಮವ್ವನ ಬೆನ್ನು ಇದ್ದಂಗ ಅದ ನೋಡು.”

ಲಲಿತಾ ತಿರುಗಿದಳು. ಅವ್ವ ಮಗಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ನಗು ಇರಲಿಲ್ಲ. ತಪ್ಪು ಮಾಡಿದವರ ಹಾಗೆ ಕೂತಿದ್ದಳು, ಬೆರಳು ಮಡಿಲಲ್ಲಿ ಸೀರೆಯ ಅಂಚು ಹಿಂಜುತ್ತಿದ್ದವು. ಅಂಗಳದಿಂದ ಕನಕಪ್ಪ ಚಹಾ ಕೇಳಿದ. ಕರೆಮ್ಮ ಎದ್ದಳು. ಆದರೆ ಮುಖ ಸಿಕ್ಕಿತ್ತು.

ಮಾನ್ವಿಗೆ ಬಂದು ಅದನ್ನೇ ಬರೆದಳು: ಹೊಸ್ತಿಲ ಬಳಿ ಅವ್ವ, ಪಕ್ಕದಲ್ಲಿ ಮುಳ್ಳು ತೆಗೆಸಿಕೊಂಡ ಮರಿ. ಒಲೆಯ ಮುಂದೆ ಪುಟ್ಟ ಹುಡುಗಿಯ ಬೆನ್ನು ಬರೆದಳು. ಅವ್ವ ಕೂತರೆ ಒಲೆಯ ಮುಂದೆ ಇನ್ಯಾರಾದರೂ ಇರಬೇಕಲ್ಲ. ಬಣ್ಣ ತುಂಬುವ ಮೊದಲು ಆ ಸಣ್ಣ ಬೆನ್ನನ್ನು ನೋಡಿದಳು. ಕಾವ್ಯಾಳಂಥದೇ ಎರಡು ಜಡೆ. ರಬ್ಬರ್ ತೆಗೆದುಕೊಂಡು ಕಾಗದ ತೆಳುವಾಗುವ ತನಕ ಉಜ್ಜಿದಳು.

ಹುಡುಗಿಯನ್ನು ಅವ್ವನ ಮಡಿಲಿಗೆ ಕಳಿಸಿ, ಒಲೆಯ ಮುಂದೆ ಅಪ್ಪನನ್ನು ಕೂಡಿಸಬೇಕೆಂದುಕೊಂಡಳು. ಆದರೆ ರೊಟ್ಟಿ ಬಡಿಯುವ ಗಂಡಸಿನ ಬೆನ್ನು ಹೇಗಿರುತ್ತದೆ? ಪುಸ್ತಕದಲ್ಲಿ ಅವಳು ಕಾಣದ್ದನ್ನು ಬರೆದದ್ದು ಅದೊಂದೇ. ಬಚ್ಚಲಲ್ಲಿ ಬಗ್ಗಿ ಮುಖ ತೊಳೆಯುತ್ತಿದ್ದ ನಿಂಗರಾಜನ ಬೆನ್ನನ್ನು ಎರವಲು ತಂದು, ಹೆಗಲಿಗೆ ಕಂಬಳಿ, ತಲೆಗೆ ರುಮಾಲು ಹಾಕಿ ಒಲೆಯ ಮುಂದಿಟ್ಟಳು.

ಭಾನುವಾರ ಸಂಜೆ ನಿಂಗರಾಜ ಚಿತ್ರವನ್ನು ಎತ್ತಿ ಬೆಳಕಿಗೆ ಹಿಡಿದ. “ಇವ ಯಾರು?”

“ಅಪ್ಪ.”

“ಯಾವ ಅಪ್ಪ ರೊಟ್ಟಿ ಬಡಿತಾನ? ಮಿಲ್ಲಿನ್ಯಾಗ ನನಗ ಮುಖ ಎತ್ತಾಕ ಆಗದಂಗ ಮಾಡ್ತಿ ಏನು?”

ಲಲಿತಾ ಹೆಂಚಿನ ಕಡೆ ತಿರುಗಿದಳು. ಒಲೆಯ ಮೇಲೆ ರೊಟ್ಟಿ ಇತ್ತು. ಬೇರೆ ಬರೆ ಎಂದ, ಬರೆಯಲಿಲ್ಲವೆಂದರೆ ರಾಯಚೂರಿಗೆ ಹೋಗುವುದು ಬೇಡ ಎಂದ. ದುರ್ಗಮ್ಮ ಪಡಸಾಲೆಯಿಂದ, ಹೋದ ಸಲದ ಚಿತ್ರಕ್ಕಿಂತ ಇದು ವಾಸಿ ಎಂದು ಗೊಣಗಿದರು. ಅವನು ಚಿತ್ರವನ್ನು ಅಕ್ಕಿ ಡಬ್ಬಿಯ ಮೇಲೆ ಹಾಕಿ ಹೇಳಿದ:

“ಕೊಡಾದಾದ್ರ ಕೊಡು. ನನ್ ಹೆಸ್ರು ಮಾತ್ರ ಅದರ ಮ್ಯಾಲೆ ಬರಬಾರದು.”

“ಆತು,” ಎಂದಳು ಲಲಿತಾ.

ಬೆಳಗ್ಗೆ ಆತಿಯಾಳಿಗೆ ಬರಿಯ ಲಲಿತಾ ಎಂದು ಹೇಳಬೇಕು. ಅದನ್ನು ಅವಳು ಮನಸ್ಸಿನಲ್ಲೇ ಒಂದು ಸಲ ಅಂದು ನೋಡಿದಳು. ಮೈಮೇಲೆ ಏನೂ ಹೊದೆಯದೆ ಬೀದಿಯಲ್ಲಿ ನಿಂತ ಹಾಗಾಯಿತು. ಹಿಂದೆ ನಿಂಗರಾಜ ತಟ್ಟೆಯ ಮುಂದೆ ಕೂತ ಸದ್ದಾಯಿತು. ಅವಳು ತಿರುಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಅದನ್ನು ಮಗುಚಿ ಹಾಕಿದಳು.